ಬಿಲ್ಲುಗಾರರಿಗೆ ಹತ್ತಕ್ಕೆ ಹತ್ತು, ಸಂತನಿಗೆ ಆರು: ಲಂಡನ್ನಿನ ಪೊಲ್ಲಾಯುವೊಲೊ ‘ಸೆಬಾಸ್ಟಿಯನ್’

ಲಂಡನ್ನಿನ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿ ಜನ ಮುಗಿಬೀಳುವುದು ವ್ಯಾನ್ ಗೋನ ಸೂರ್ಯಕಾಂತಿಯ ಮುಂದೆ. ಸೇನ್ಸ್‌ಬರಿ ವಿಂಗ್‌ನ ಮೇಲಂತಸ್ತಿನ ಹಳೆಯ ಇಟಲಿಯ ಚಿತ್ರಗಳ ಕಡೆ ಹೋಗುವವರು ಅಷ್ಟಿಲ್ಲ. ಹೋದವರೂ ಬೊಟ್ಟಿಚೆಲ್ಲಿಯ ಎದುರು ಎರಡು ನಿಮಿಷ ನಿಂತು ಮುಂದೆ ಸಾಗುತ್ತಾರೆ. ಅದೇ ವಿಂಗ್‌ನ ದೊಡ್ಡ ಚಿತ್ರಗಳಲ್ಲೊಂದು ಆಂತೋನಿಯೊ ಮತ್ತು ಪಿಯೆರೊ ದೆಲ್ ಪೊಲ್ಲಾಯುವೊಲೊ ಸಹೋದರರ ‘ಸಂತ ಸೆಬಾಸ್ಟಿಯನ್ನನ ಹುತಾತ್ಮತೆ’. ಮುಗಿದದ್ದು 1475ರಲ್ಲಿ. ಮರದ ಹಲಗೆಯ ಮೇಲೆ ತೈಲವರ್ಣ, ಎತ್ತರ 291.5 ಸೆಂಟಿಮೀಟರ್, ಅಗಲ 202.6. ಗ್ಯಾಲರಿಯ ದಾಖಲೆಯಲ್ಲಿ ಎನ್‌ಜಿ 292. ನೋಡಲು ದುಡ್ಡು ಕೊಡಬೇಕಿಲ್ಲ.

ತೀರ್ಪು ಮೊದಲೇ ಹೇಳಿಬಿಡಬಹುದು. ಭಕ್ತಿಯ ಚಿತ್ರವಾಗಿ ಇದು ಅರ್ಧ ಸೋತಿದೆ. ಮೈಮುರಿದು ಕೆಲಸ ಮಾಡುವ ಮನುಷ್ಯನ ದೇಹವನ್ನು ತೋರಿಸುವ ಚಿತ್ರವಾಗಿ, ಆ ಕಾಲದ ಫ್ಲಾರೆನ್ಸಿನಲ್ಲಿ ಇದಕ್ಕೆ ಸರಿಸಾಟಿ ಹುಡುಕುವುದು ಕಷ್ಟ. ಕೈಮುಗಿಯಬೇಕಾದ ಸಂತನನ್ನು ಬಿಟ್ಟು ಅವನಿಗೆ ಬಾಣ ಹೊಡೆಯುವವರ ಮೇಲೆಯೇ ಕಣ್ಣು ನೆಡುತ್ತದೆ. ಇದು ನೋಡುವವರ ತಪ್ಪಲ್ಲ. ಚಿತ್ರ ಬರೆದವರ ಮನಸ್ಸೂ ಅಲ್ಲೇ ಇತ್ತು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸೆಬಾಸ್ಟಿಯನ್ ರೋಮನ್ ಚಕ್ರವರ್ತಿ ಡಯೊಕ್ಲೀಶಿಯನ್ನನ ಕಾವಲು ಪಡೆಯಲ್ಲಿದ್ದು, ಒಳಗೊಳಗೇ ಕ್ರೈಸ್ತನಾಗಿದ್ದವನು. ಗುಟ್ಟು ರಟ್ಟಾದಾಗ ಕಂಬಕ್ಕೆ ಕಟ್ಟಿ ಬಾಣ ಹೊಡೆಸಿದರು, ಸತ್ತನೆಂದು ಬಿಟ್ಟುಹೋದರು. ಐರೀನ್ ಎಂಬ ವಿಧವೆ ಹೆಣ ತೆಗೆಯಲು ಬಂದಾಗ ಉಸಿರಿತ್ತು. ಆರೈಕೆ ಮಾಡಿ ಬದುಕಿಸಿದಳು. ಗುಣವಾದ ಮೇಲೆ ಅವನು ಓಡಿಹೋಗದೆ ಮತ್ತೆ ಚಕ್ರವರ್ತಿಯ ಎದುರೇ ಹೋಗಿ ನಿಂತ. ಆಗ ದೊಣ್ಣೆಯಿಂದ ಬಡಿದು ಕೊಂದು ಹೆಣವನ್ನು ರೋಮಿನ ದೊಡ್ಡ ಚರಂಡಿಗೆ ಎಸೆದರು. ಅಂದರೆ ಅವನು ಸತ್ತದ್ದು ಬಾಣದಿಂದಲ್ಲ. ಆದರೂ ಚಿತ್ರಗಳಲ್ಲೆಲ್ಲ ಬಾಣವೇ ಇರುವುದಕ್ಕೆ ಕಾರಣ ಪ್ಲೇಗ್. ಎಲ್ಲಿಂದಲೋ ಬಂದು ಯಾರಿಗೋ ತಾಗುವ ರೋಗವನ್ನು ಬಾಣವೆಂದು ಕಾಣುವುದು ಗ್ರೀಕರ ಕಾಲದಿಂದಲೂ ಇದ್ದದ್ದು. ಬಾಣ ತಾಗಿಯೂ ಬದುಕುಳಿದವನು ಪ್ಲೇಗಿನಿಂದ ಕಾಪಾಡುವ ಸಂತನಾದ. ಕ್ರಿ.ಶ. 680ರ ಪ್ಲೇಗಿನಲ್ಲಿ ಇಟಲಿಯ ಪಾವಿಯಾದಲ್ಲಿ ಅವನ ಹೆಸರಿನಲ್ಲಿ ಬಲಿಪೀಠ ಕಟ್ಟಿದ್ದರು. 1348ರ ಮಹಾಮಾರಿಯ ನಂತರ ಫ್ಲಾರೆನ್ಸಿಗೆ ರೋಗ ಮತ್ತೆ ಮತ್ತೆ ಮರುಕಳಿಸುತ್ತಿದ್ದುದರಿಂದ ಅಲ್ಲಿ ಅವನಿಗೆ ಬೇಡಿಕೆ ಇದ್ದದ್ದು ಸಹಜ. ನಮ್ಮ ಕರಾವಳಿಯ ಕ್ಯಾಥೊಲಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಕ್ಕೊಟ್ಟಿನ ಬಳಿಯ ಪೆರ್ಮನ್ನೂರಿನಲ್ಲಿ ಇದೇ ಸಂತನ ಹೆಸರಿನ ಚರ್ಚ್ ಇದೆ. ಜನವರಿ 20 ಅವನ ಹಬ್ಬದ ದಿನ.

ಈ ಚಿತ್ರ ಗ್ಯಾಲರಿಗಾಗಿ ಬರೆದದ್ದಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಎದುರು ನಿಲ್ಲಬೇಕು. ಫ್ಲಾರೆನ್ಸಿನ ಸಾಂತಿಸ್ಸಿಮಾ ಅನ್ನುನ್ಸಿಯಾತಾ ಚರ್ಚಿಗೆ ಹೊಂದಿಕೊಂಡಂತೆ ಪುಚ್ಚಿ ಮನೆತನದ ಸಂತ ಸೆಬಾಸ್ಟಿಯನ್ ಪ್ರಾರ್ಥನಾಲಯವಿದೆ. ಆಗ ಊರಿನ ಹಿಡಿತ ಇಟ್ಟುಕೊಂಡಿದ್ದ ಮೆದಿಚಿ ಮನೆತನದ ಪಕ್ಷದ ದುಡ್ಡಿನ ಕುಳಗಳು ಈ ಪುಚ್ಚಿಗಳು. ಅಲ್ಲಿ ಸಂತನ ತೋಳಿನ ಮೂಳೆಯೆಂದು ನಂಬಿದ ಪವಿತ್ರ ಅವಶೇಷವನ್ನು ಇಟ್ಟಿದ್ದರು. ಅದರ ಬಲಿಪೀಠದ ಮೇಲೆ ಏರಿಸಲೆಂದು ಬರೆಸಿದ ಚಿತ್ರ ಇದು. ಬರೆಸಿದವನು ಆಂತೋನಿಯೊ ಪುಚ್ಚಿ. ಮುನ್ನೂರು ಸ್ಕೂದಿ ನಾಣ್ಯ ಕೊಟ್ಟು, ಇದು ಬಣ್ಣದ ಖರ್ಚಿಗೂ ಸಾಲದು ಅಂದನೆಂದು, ಹದಿನಾರನೇ ಶತಮಾನದಲ್ಲಿ ಇಟಲಿಯ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಗ್ಯಾಲರಿಯವರು ಪುಚ್ಚಿ ಮನೆತನದಿಂದಲೇ ಇದನ್ನು ಕೊಂಡದ್ದು 1857ರಲ್ಲಿ.

ಮೂಲ ಜಾಗದ ಲೆಕ್ಕ ಹಾಕಿ ನೋಡಿ. ಬಲಿಪೀಠವೇ ಸುಮಾರು ಒಂದು ಮೀಟರ್ ಎತ್ತರ. ಅದರ ಮೇಲೆ ಸುಮಾರು ಮೂರು ಮೀಟರಿನ ಚಿತ್ರ. ಮೊಣಕಾಲೂರಿ ಕೂತ ಭಕ್ತನ ಕಣ್ಣು ನೆಲದಿಂದ ಒಂದು ಮೀಟರ್ ಚಿಲ್ಲರೆ. ಅಂದರೆ ಬಿಲ್ಲುಗಾರರ ಪಾದಗಳು ಅವನ ಕಣ್ಣಿನ ಮಟ್ಟದ ಆಸುಪಾಸಿನಲ್ಲಿ, ಸಂತ ಕತ್ತೆತ್ತಿದರೆ ಮಾತ್ರ ಕಾಣುವಷ್ಟು ಮೇಲೆ. ಕೊಂಬೆ ಕಡಿದ ಮರದ ಕಾಂಡ, ಉಳಿದ ಮೋಟುಗಳ ಮೇಲೆ ಕಾಲಿಟ್ಟು ಕಟ್ಟಿಸಿಕೊಂಡು ನಿಂತ ಸಂತ, ಮೇಲೆ ಆಕಾಶ. ಭಕ್ತ ಸಂತನ ಕಡೆ ಕತ್ತೆತ್ತಿದರೆ, ಸಂತ ದೇವರ ಕಡೆ ಕತ್ತೆತ್ತಿದ್ದಾನೆ. ಅಷ್ಟು ಎತ್ತರಕ್ಕೆ ಸಂತನನ್ನು ಏರಿಸಿದ್ದರ ಲೆಕ್ಕ ಆಗ ಅರ್ಥವಾಗುತ್ತದೆ. ಗ್ಯಾಲರಿಯಲ್ಲಿ ನಿಂತು ನೋಡುವವರಿಗೆ ಈ ಏಣಿ ತಪ್ಪಿಹೋಗಿ ಬಿಲ್ಲುಗಾರರು ನೇರವಾಗಿ ಎದುರಾಗುತ್ತಾರೆ. ಸಂತ ಇನ್ನಷ್ಟು ಬಡವಾಗುತ್ತಾನೆ. ಬೇಕಿದ್ದವರು ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಲಿ. ಯಾರೂ ಏನೂ ಅನ್ನುವುದಿಲ್ಲ.

ಇನ್ನು ನೋಡುವ ಕ್ರಮ. ಇಡೀ ಚಿತ್ರ ಕತ್ತು ಆಡಿಸದೆ ಕಣ್ಣಿಗೆ ಸಿಗಬೇಕಾದರೆ ಕನಿಷ್ಠ ಆರು ಮೀಟರ್ ಹಿಂದೆ ನಿಲ್ಲಬೇಕು. ಮೂರು ಮೀಟರಿಗೆ ಬಂದರೆ ಸಂತನೂ ಬಿಲ್ಲುಗಾರರೂ ಒಟ್ಟಿಗೆ ಕಾಣುವುದಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರನ್ನು ನೋಡಬೇಕಾಗುತ್ತದೆ. ಹೆಚ್ಚಿನವರು ಸೀದಾ ಹತ್ತಿರ ಹೋಗಿ, ಫೋನೆತ್ತಿ, ಕಾಲು ಕೀಳುತ್ತಾರೆ. ದೂರದಿಂದ ಮೊದಲು ಕಾಣಬೇಕಾದದ್ದು ತ್ರಿಕೋನ: ತುದಿಯಲ್ಲಿ ಸಂತನ ತಲೆ, ತಳದಲ್ಲಿ ಸುತ್ತುಗಟ್ಟಿದ ಆರು ಮಂದಿ. ತ್ರಿಕೋನ ಕಂಡ ಮೇಲೆ ಆ ಆರು ಮಂದಿಯನ್ನು ಎಣಿಸಿ. ನಾಲ್ವರು ನಿಂತು ಗುರಿ ಹಿಡಿದಿದ್ದಾರೆ, ಇಬ್ಬರು ಬಗ್ಗಿ ಅಡ್ಡಬಿಲ್ಲಿಗೆ (ಕ್ರಾಸ್‌ಬೋ) ಹೆದೆ ಏರಿಸುತ್ತಿದ್ದಾರೆ. ಆಮೇಲೆ ಜೋಡಿ ಹುಡುಕಿ. ಬಗ್ಗಿದವರಲ್ಲಿ ಒಬ್ಬ ನಮ್ಮ ಕಡೆಗೆ ತಿರುಗಿದ್ದಾನೆ, ಇನ್ನೊಬ್ಬನ ಬೆನ್ನು ನಮ್ಮ ಕಡೆಗಿದೆ; ಭಂಗಿ ಮಾತ್ರ ಒಂದೇ. ನಿಂತವರಲ್ಲೂ ಹಾಗೆಯೇ, ಒಬ್ಬನನ್ನು ತಿರುಗಿಸಿ ನಿಲ್ಲಿಸಿದರೆ ಇನ್ನೊಬ್ಬನಾಗುತ್ತಾನೆ. ಒಟ್ಟು ಆರು ದೇಹ, ಭಂಗಿ ಮೂರೇ.

ಇದು ಶಿಲ್ಪಿಯ ಬುದ್ಧಿ. ಆಂತೋನಿಯೊ ಅಕ್ಕಸಾಲಿಗ, ಕಂಚಿನ ಎರಕದವನು. ರೋಮಿನ ಸಂತ ಪೇತ್ರರ ಬಸಿಲಿಕಾದಲ್ಲಿ ಇಬ್ಬರು ಪೋಪರ ಕಂಚಿನ ಸಮಾಧಿ ಅವನ ಕೆಲಸ. ಜೇಡಿಮಣ್ಣಿನದೋ ಮೇಣದ್ದೋ ಒಂದು ಗೊಂಬೆ ಮಾಡಿ, ಅದನ್ನೇ ತಿರುಗಿಸಿ ತಿರುಗಿಸಿ ಬರೆದಿರಬೇಕೆಂದು ತಿಳಿದವರ ಊಹೆ. ಚಿತ್ರಪಟದಲ್ಲಿ ಒಂದು ಮೈಯ ಒಂದೇ ಮಗ್ಗುಲು ಕಾಣುತ್ತದೆ, ಶಿಲ್ಪಕ್ಕೆ ಸುತ್ತಲೂ ಮೈ ಇದೆ ಎಂಬ ವಾದ ಆಗ ಕಲಾವಿದರ ನಡುವೆ ಇದ್ದೇ ಇತ್ತು. ಪಟದಲ್ಲೂ ಸುತ್ತು ಹಾಕಿಸುತ್ತೇನೆ ಎಂದು ತೊಡೆ ತಟ್ಟಿದ ಉತ್ತರದಂತಿದೆ ಇದು.

ಅಡ್ಡಬಿಲ್ಲಿನ ಕೆಲಸ ಗೊತ್ತಿದ್ದವರಿಗೆ ಈ ಬಗ್ಗಿದ ಇಬ್ಬರ ರುಚಿ ದುಪ್ಪಟ್ಟು. ಸಾದಾ ಬಿಲ್ಲಿನಲ್ಲಿ ಹೆದೆ ಎಳೆಯುವುದು, ಗುರಿ ಹಿಡಿಯುವುದು, ಬಿಡುವುದು ಒಂದೇ ಉಸಿರಿನ ಕೆಲಸ. ಅಡ್ಡಬಿಲ್ಲಿನಲ್ಲಿ ಇವು ಬೇರೆ ಬೇರೆ. ಬಿಲ್ಲಿನ ಮೂತಿಯನ್ನು ನೆಲಕ್ಕೆ ಊರಿ, ತುದಿಯ ಕಬ್ಬಿಣದ ಬಳೆಯಲ್ಲಿ ಪಾದ ತೂರಿಸಿ ಒತ್ತಿಹಿಡಿಯಬೇಕು. ಸೊಂಟ ಬಗ್ಗಿಸಿ, ಎರಡೂ ಕೈಯಿಂದಲೋ ಸೊಂಟಪಟ್ಟಿಗೆ ಕಟ್ಟಿದ ಕೊಕ್ಕೆಯಿಂದಲೋ ಹೆದೆಯನ್ನು ಹಿಡಿದು, ಬೆನ್ನು ಮತ್ತು ತೊಡೆಯ ಬಲದಿಂದ ಮೇಲೇಳುತ್ತಾ ಹೆದೆಯನ್ನು ಹಿಂದಕ್ಕೆ ತಂದು ಗುಂಡಿಯ ಕಚ್ಚಿಗೆ ಸಿಕ್ಕಿಸಬೇಕು. ಆಮೇಲೆ ಗಿಡ್ಡ ಬಾಣವನ್ನು ಬಿಲ್ಲಿನ ಮೇಲಿನ ತೋಡಿನಲ್ಲಿ ಕೂರಿಸುವುದು. ತೋಳಿನ ಬಲವೊಂದರಿಂದ ಇದು ಆಗುವುದಿಲ್ಲ. ಹೆದೆ ಕಚ್ಚಿಗೆ ಸಿಗುವ ಮೊದಲೇ ಉಸಿರು ಬಿಟ್ಟರೆ ಬೆನ್ನು ಸಡಿಲವಾಗಿ ಹೆದೆ ಮುಂದಕ್ಕೆ ಜಾರುತ್ತದೆ, ಮತ್ತೆ ಮೊದಲಿಂದ. ಅದಕ್ಕೇ ಉಸಿರು ಕಟ್ಟುವುದು, ಮುಖ ಕೆಂಪೇರುವುದು, ಕುತ್ತಿಗೆಯ ನರ ಉಬ್ಬುವುದು. ಬಿಲ್ಲು ಹೂಡುವವನ ಈ ಉಬ್ಬಿದ ನರ, ಬಿಗಿದ ಸ್ನಾಯು, ತಡೆದ ಉಸಿರನ್ನೇ ವಸಾರಿಯೂ ಹೆಸರಿಸಿ ಹೊಗಳಿದ್ದಾನೆ. ಮೈಮೇಲೆ ಬಟ್ಟೆ ಹೆಚ್ಚಿಲ್ಲದ ಆ ಬಿಲ್ಲುಗಾರನ ಮುಖದ ಬಣ್ಣವನ್ನು ಪಕ್ಕದಲ್ಲಿ ನಿಂತವರ ಮುಖದ ಬಣ್ಣದ ಜತೆ ಹೋಲಿಸಿ ನೋಡಿ; ತಲೆಗೆ ರಕ್ತ ನುಗ್ಗಿದ್ದು ಕಾಣುತ್ತದೆ. ಬೆನ್ನು ತೋರಿಸಿದವನಲ್ಲಿ ಮುಖದ ಕೆಲಸವನ್ನು ಮೀನಖಂಡ ಮತ್ತು ಪಿರ್ರೆಯ ಸ್ನಾಯುಗಳು ಮಾಡುತ್ತವೆ.

ದೇಹದ ಒಳಗು ನೋಡಲು ಆಂತೋನಿಯೊ ಹೆಣಗಳ ಚರ್ಮ ಸುಲಿದು ಅಭ್ಯಾಸ ಮಾಡಿದ್ದನೆಂದೂ ವಸಾರಿಯ ಮಾತಿದೆ. ನಿಜವೋ ಅಲ್ಲವೋ, ಎಲ್ಲಿ ಯಾವ ಸ್ನಾಯು ಹುರಿಗಟ್ಟಬೇಕೆಂಬ ಲೆಕ್ಕ ಇಲ್ಲಿ ತಪ್ಪುವುದು ಕಡಿಮೆ. ತಪ್ಪುವುದು ಬೇರೆ ಕಡೆ: ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿದುಕೊಂಡಿವೆ. ನಿಜವಾದ ಮೈಯಲ್ಲಿ ಒಂದು ಬಿಗಿದಾಗ ಎದುರಿನದು ಸಾಮಾನ್ಯವಾಗಿ ಸಡಿಲವಾಗುತ್ತದೆ. ಆ ವಿದ್ಯೆ ಮುಂದಿನ ತಲೆಮಾರಿಗೆ ದಕ್ಕಿತು.

ನಿಂತ ನಾಲ್ವರನ್ನು ನೋಡುವಾಗ ಪಾದದಿಂದ ಶುರುಮಾಡಿ. ಗುರಿ ಎತ್ತರದಲ್ಲಿರುವುದರಿಂದ ಬಿಲ್ಲು ಮೇಲಕ್ಕೆದ್ದಿದೆ, ಎದೆ ಹಿಂದಕ್ಕೆ ವಾಲಿದೆ. ಆ ಭಾರ ಹೊರಲು ಕಾಲುಗಳು ಅಗಲವಾಗಿ ಊರಿವೆ. ಸುತ್ತುಗಟ್ಟಿ ಹೊಡೆದರೆ ಎದುರಿನವನಿಗೇ ಬಾಣ ತಾಗುವುದಿಲ್ಲವೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಸಂತನನ್ನು ಅಷ್ಟು ಮೇಲೆ ಕಟ್ಟಿದ್ದರಿಂದ ಗುರಿ ತಪ್ಪಿದ ಬಾಣ ಎದುರಿನವನ ತಲೆಯ ಮೇಲಿಂದ ಹಾದುಹೋಗುತ್ತದೆ. ಭಕ್ತಿಗೆ ಮಾಡಿದ ಎತ್ತರ ಕಸುಬಿಗೂ ಹೊಂದಿಕೊಂಡಿದೆ. ಇನ್ನೂ ಒಂದು ಗಮನಿಸಿ: ಈ ಆರು ಮಂದಿಯಲ್ಲಿ ಕ್ರೌರ್ಯದ ಮುಖ ಮಾಡಿದವರು ಯಾರೂ ಇಲ್ಲ. ಕೂಲಿ ಕೆಲಸದ ಗಮನವಷ್ಟೇ ಇದೆ. ಇಬ್ಬರು ಹೂಡುತ್ತಿದ್ದಾರೆ, ನಾಲ್ವರು ಹೊಡೆಯುತ್ತಿದ್ದಾರೆ, ಅಡ್ಡಬಿಲ್ಲಿನವರು ಹೊಡೆದ ಮೇಲೆ ಮತ್ತೆ ಬಗ್ಗಬೇಕು. ಕೆಲಸ ಸುತ್ತುತ್ತಲೇ ಇದೆ. ಈ ಚಿತ್ರದಲ್ಲಿ ಮೈ ಜುಮ್ಮೆನ್ನಿಸುವುದು ಏನಾದರೂ ಇದ್ದರೆ ಅದು ಇದೇ, ರಕ್ತವಲ್ಲ. ರಕ್ತ ಇಲ್ಲಿ ಹೇಳಿಕೊಳ್ಳುವಷ್ಟಿಲ್ಲ.

ಸಂತನ ವಿಷಯಕ್ಕೆ ಬಂದರೆ ಅಂಕ ಕಳೆಯಲೇಬೇಕು. ಮುಖ ಮೇಲಕ್ಕೆತ್ತಿದೆ, ಬಾಯಿ ತುಸು ತೆರೆದಿದೆ, ಅಷ್ಟೇ. ನೋವೂ ಅಲ್ಲದ, ಶಾಂತಿಯೂ ಅಲ್ಲದ ಭಾವ. ಮೈ ಮೆತ್ತಗಿದೆ, ಬಾಣ ನೆಟ್ಟ ಜಾಗದಲ್ಲೂ ಚರ್ಮ ಸೆಳೆದುಕೊಂಡಿಲ್ಲ. ಗಿನೊ ದಿ ಲೊದೊವಿಕೊ ಕಪ್ಪೋನಿ ಎಂಬ ಯುವಕನ ಮುಖವನ್ನೇ ಸಂತನಿಗೆ ಕೊಟ್ಟರೆಂದು ವಸಾರಿ ಹೇಳುತ್ತಾನೆ. ಹಾಗಿದ್ದರೆ ಮುಖಚಿತ್ರಕ್ಕೆ ಕೂತವನ ಬಿಗುಮಾನವೇ ಉಳಿದುಬಿಟ್ಟಿದೆ ಅನ್ನಬೇಕು. ಸಂತನನ್ನು ಬರೆದವನು ತಮ್ಮ ಪಿಯೆರೊ, ಬಿಲ್ಲುಗಾರರು ಅಣ್ಣ ಆಂತೋನಿಯೊನ ಕೈ ಎಂದು ಹಂಚುವುದು ಹಳೆಯ ರೂಢಿ. ಈಚಿನ ಕೆಲವು ವಿದ್ವಾಂಸರು ಬಹುಪಾಲು ಪಿಯೆರೊನ ಕೆಲಸವೇ ಅನ್ನುತ್ತಾರೆ. ಗ್ಯಾಲರಿಯ ಫಲಕ ಇಬ್ಬರ ಹೆಸರನ್ನೂ ಹಾಕುತ್ತದೆ. ಯಾರ ಕೈಯಾದರೂ ಆಗಲಿ, ಮೇಲಿನ ಮೈಗೂ ಕೆಳಗಿನ ಮೈಗಳಿಗೂ ಹದ ಬೇರೆ ಎಂಬುದು ಬರಿಗಣ್ಣಿಗೆ ಗೊತ್ತಾಗುತ್ತದೆ.

ಎರಡನೇ ದೋಷ ನೆಲದ್ದು. ಮುಂದೆ ಬಿಲ್ಲುಗಾರರು ನಿಂತಿರುವುದು ಒಂದು ಗುಡ್ಡದ ನೆತ್ತಿ. ಹಿಂದೆ ಹೊಳೆ, ಹೊಲ, ಕುದುರೆ ಸವಾರರು, ಮಬ್ಬು ಬೆಟ್ಟ. ಆರ್ನೊ ಕಣಿವೆಯ ನೋಟ ಅದು, ಬಹಳ ಚಂದ. ಆದರೆ ಈ ಗುಡ್ಡದಿಂದ ಆ ಬಯಲಿಗೆ ಇಳಿಯುವ ದಾರಿಯೇ ಇಲ್ಲ. ನಡುವಿನ ನೆಲವನ್ನು ಗುಡ್ಡದ ಅಂಚಿನ ಹಿಂದೆ ಬಚ್ಚಿಟ್ಟು, ದೂರದ ನೋಟವನ್ನು ಪರದೆಯಂತೆ ಇಳಿಬಿಟ್ಟಿದ್ದಾರೆ. ಸಮೀಪದ್ದನ್ನೂ ದೂರದ್ದನ್ನೂ ಬರೆಯಬಲ್ಲವರಿಗೆ ಎರಡನ್ನೂ ಜೋಡಿಸುವುದು ಆಗ ಇನ್ನೂ ಕೈಗೂಡಿರಲಿಲ್ಲ. ಆ ಕಾಲದ ಫ್ಲಾರೆನ್ಸಿನ ಬೇರೆ ಚಿತ್ರಗಳಲ್ಲೂ ಈ ಬಿರುಕು ಇದೆ. ದೋಷವೆಂದು ಗೊತ್ತಿದ್ದೂ ಆ ಬಯಲಿನ ಮೇಲೆ ಕಣ್ಣಾಡಿಸುತ್ತ ಹೋಗುವುದು ಹಿತವೇ. ಒಂದು ಪಕ್ಕಕ್ಕೆ ಮುರಿದುಬಿದ್ದ ರೋಮನ್ ವಿಜಯದ ಕಮಾನಿದೆ. ಹಳೆಯ ದೇವರುಗಳ ಕಾಲ ಮುಗಿಯಿತು ಎಂಬುದು ಅದರ ಅರ್ಥ. ಅದರ ಮೇಲಿನ ಕರಿಯ ಮನುಷ್ಯನ ತಲೆಯ ಗುರುತು ಪುಚ್ಚಿ ಮನೆತನದ ಲಾಂಛನ. ದಾನ ಕೊಟ್ಟವರ ಹೆಸರನ್ನು ಟ್ಯೂಬ್‌ಲೈಟಿನ ಮೇಲೆ ಬರೆಸುವ ಪದ್ಧತಿಗೆ ವಯಸ್ಸು ಸಾಕಷ್ಟಾಗಿದೆ.

ಬಣ್ಣದ ಮಾತು ಸ್ವಲ್ಪ. ಆಗಿನ ಫ್ಲಾರೆನ್ಸಿನಲ್ಲಿ ಹಲಗೆಯ ಮೇಲೆ ಬರೆಯುವವರು ಹೆಚ್ಚಾಗಿ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಬಳಸುತ್ತಿದ್ದರು. ಅದು ನೋಡನೋಡುತ್ತ ಒಣಗುತ್ತದೆ. ಹಸಿಯಾಗಿರುವಾಗಲೇ ಒಂದರೊಳಗೊಂದು ಬೆರೆಸಿ ತಿದ್ದಲು ಬಿಡುವುದಿಲ್ಲ, ನೆರಳನ್ನು ಸಣ್ಣ ಗೆರೆ ಎಳೆದೆಳೆದು ಕಟ್ಟಬೇಕು. ಎಣ್ಣೆಯಲ್ಲಿ ಕಲಸಿದರೆ ಬಣ್ಣ ದಿನಗಟ್ಟಲೆ ಹಸಿ ಇರುತ್ತದೆ, ಮಬ್ಬು ಬೆಟ್ಟ, ಚರ್ಮದ ಹೊಳಪು, ಹೊಳೆಯ ಮಿಂಚು ಎಲ್ಲಕ್ಕೂ ಅನುಕೂಲ. ಫ್ಲಾಂಡರ್ಸಿನವರು (ಈಗಿನ ಬೆಲ್ಜಿಯಂ ಕಡೆಯವರು) ಪಳಗಿಸಿದ್ದ ಈ ವಿದ್ಯೆಯನ್ನು ಫ್ಲಾರೆನ್ಸಿನಲ್ಲಿ ಮೊದಮೊದಲು ದೊಡ್ಡ ಅಳತೆಯಲ್ಲಿ ಹಿಡಿದವರಲ್ಲಿ ಈ ಅಣ್ಣತಮ್ಮಂದಿರು ಸೇರುತ್ತಾರೆ. ಎಣ್ಣೆಗೂ ತೊಂದರೆಗಳಿವೆ. ದಪ್ಪಗೆ ಬಳಿದ ಕಡೆ ಮೇಲ್ಪದರ ಮೊದಲು ಒಣಗಿ ಸುಕ್ಕುಗಟ್ಟುತ್ತದೆ. ತಾಮ್ರದಿಂದ ಮಾಡಿದ ಹಸಿರು ಬಣ್ಣದ ತೆಳುಪದರ ಕಾಲಾಂತರದಲ್ಲಿ ಕಂದಾಗುತ್ತದೆ. ಹದಿನೈದನೇ ಶತಮಾನದ ಇಟಲಿಯ ಚಿತ್ರಗಳಲ್ಲಿ ಗಿಡಮರ ಕಂದಾಗಿ ಕಂಡಲ್ಲೆಲ್ಲ ಎಲೆ ಉದುರುವ ಕಾಲ ಎಂದುಕೊಳ್ಳಬೇಡಿ, ಒಮ್ಮೆ ಹಸಿರಾಗಿದ್ದಿರಬಹುದು.

ಹೋಗುವವರಿಗೆ ಬೇಕಾದ ವಿವರ. ಗ್ಯಾಲರಿ ಬೆಳಿಗ್ಗೆ 10ರಿಂದ ಸಂಜೆ 6, ಶುಕ್ರವಾರ ರಾತ್ರಿ 9ರವರೆಗೆ. ಡಿಸೆಂಬರ್ 24ರಿಂದ 26 ಮತ್ತು ಜನವರಿ 1 ರಜ. ಹತ್ತಿರದ ನಿಲ್ದಾಣ ಚೇರಿಂಗ್ ಕ್ರಾಸ್. ಲೆಸ್ಟರ್ ಸ್ಕ್ವೇರ್‌ನಿಂದಲೂ ನಡೆದೇ ಹೋಗಬಹುದು. ಪ್ರವೇಶ ಉಚಿತ, ಆದರೂ ಆನ್‌ಲೈನಿನಲ್ಲಿ ಸಮಯ ಕಾದಿರಿಸಿದರೆ ರಜಾ ದಿನಗಳ ಸರತಿ ತಪ್ಪುತ್ತದೆ. ಸೇನ್ಸ್‌ಬರಿ ವಿಂಗ್ ಎರಡು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿದ್ದು 2025ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಈಗ ಮುಖ್ಯ ಬಾಗಿಲೇ ಅದು, ಆದ್ದರಿಂದ ಹಳೆಯ ಗೈಡ್ ಪುಸ್ತಕ ನಂಬಿ ಕಂಬಗಳ ಮೆಟ್ಟಿಲಿನ ಕಡೆ ಓಡಬೇಡಿ. ಚಿತ್ರಗಳನ್ನು ಕೋಣೆಯಿಂದ ಕೋಣೆಗೆ ಬದಲಿಸುತ್ತಿರುತ್ತಾರೆ. ಹೊರಡುವ ದಿನ ಗ್ಯಾಲರಿಯ ವೆಬ್‌ಸೈಟಿನಲ್ಲಿ ಚಿತ್ರದ ಪುಟ ತೆರೆದರೆ ಪ್ರದರ್ಶನದಲ್ಲಿದೆಯೇ, ಯಾವ ಕೋಣೆ ಎಂಬುದು ಸಿಗುತ್ತದೆ. ಚಿತ್ರಗಳ ಮೇಲೆ ದಾಳಿಗಳಾದ ನಂತರ 2024ರ ಅಕ್ಟೋಬರಿನಲ್ಲಿ ನಿಯಮ ಬಿಗಿಯಾಯಿತು: ಮಗುವಿನ ಹಾಲು, ವೈದ್ಯರು ಬರೆದ ಔಷಧಿ ಬಿಟ್ಟರೆ ದ್ರವ ಪದಾರ್ಥ ಒಳಗೆ ಬಿಡುವುದಿಲ್ಲ ಎಂದರು. ದೊಡ್ಡ ಬ್ಯಾಗಿಗೂ ತಕರಾರು. ವಿಮಾನ ನಿಲ್ದಾಣದಿಂದ ಸೀದಾ ಸೂಟ್‌ಕೇಸ್ ಎಳೆದುಕೊಂಡು ಹೋಗುವ ಯೋಚನೆ ಬಿಡಿ, ಮತ್ತು ಹೋಗುವ ದಿನ ನಿಯಮ ಏನಿದೆ ನೋಡಿಕೊಳ್ಳಿ.

ಜನ ಕಡಿಮೆ ಇರುವುದು ಬಾಗಿಲು ತೆರೆದ ಮೊದಲ ಗಂಟೆ ಮತ್ತು ಶುಕ್ರವಾರ ಸಂಜೆ. ಇವೆರಡರಲ್ಲಿ ಬೆಳಿಗ್ಗೆಯೇ ವಾಸಿ, ಏಕೆಂದರೆ ಈ ಕೋಣೆಗಳಿಗೆ ಮೇಲಿನಿಂದ ಹಗಲು ಬೆಳಕು ಇಳಿಯುವಂತೆ ಕಟ್ಟಿದ್ದಾರೆ. ಕಂಬ, ಕಮಾನುಗಳ ಬೂದುಗಲ್ಲು ಪಿಯೆತ್ರಾ ಸೆರೇನಾ. ಫ್ಲಾರೆನ್ಸಿನ ಚರ್ಚುಗಳಲ್ಲಿ ಬಳಸಿದ ಕಲ್ಲೇ. ಪುಚ್ಚಿಗಳ ಪ್ರಾರ್ಥನಾಲಯ ಇಲ್ಲದಿದ್ದರೂ ಆ ಊರಿನ ಕಲ್ಲಾದರೂ ಸಿಕ್ಕಿತು. ಒಂದು ಸಣ್ಣ ದುರ್ಬೀನು ಜೇಬಿನಲ್ಲಿರಲಿ, ಆರರಿಂದ ಎಂಟು ಪಟ್ಟು ಸಾಕು. ಕೊಳ್ಳುವಾಗ ಎರಡು ಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆಯೇ ಎಂದು ಕೇಳಿ, ಪಕ್ಷಿವೀಕ್ಷಣೆಯ ಎಷ್ಟೋ ದುರ್ಬೀನುಗಳು ಅಷ್ಟು ಹತ್ತಿರಕ್ಕೆ ಬರುವುದಿಲ್ಲ. ಸಂತನ ಮುಖ, ಕಮಾನಿನ ಕೆತ್ತನೆ, ಬಯಲಿನ ಸವಾರರು ಇವೆಲ್ಲ ದುರ್ಬೀನಿನಲ್ಲಿ ನೋಡುವ ವಸ್ತುಗಳು. ಫೋಟೊ ತೆಗೆಯಬಹುದು, ಫ್ಲ್ಯಾಷ್ ಮತ್ತು ಟ್ರೈಪಾಡ್ ಕೂಡದು. ಹತ್ತಿರ ನಿಂತು ಫೋನನ್ನು ಮೇಲಕ್ಕೆ ವಾಲಿಸಿದರೆ ಚೌಕಟ್ಟಿನ ತುದಿ ಕಿರಿದಾಗಿ, ಮೊದಲೇ ಸಣ್ಣ ಕಾಣುವ ಸಂತ ಇನ್ನೂ ಕುಗ್ಗುತ್ತಾನೆ. ಹಿಂದೆ ಸರಿದು ಎರಡು ಪಟ್ಟಿನ ಲೆನ್ಸಿನಲ್ಲಿ, ಫೋನು ನೆಟ್ಟಗೆ ಹಿಡಿದು ತೆಗೆಯಿರಿ. ಈ ಒಂದು ಚಿತ್ರಕ್ಕೆ ಅರ್ಧ ಗಂಟೆ ಕೊಟ್ಟರೂ ದಂಡವಲ್ಲ.

ಲಂಡನ್ನಿಗೆ ಹೋಗಲಾಗದವರಿಗೆ ಅದೇ ವೆಬ್‌ಸೈಟಿನ ಹಿಗ್ಗಿಸಿ ನೋಡುವ ಚಿತ್ರ ನಿಜಕ್ಕೂ ಒಳ್ಳೆಯ ಸೇವೆ. ಬಿಲ್ಲು ಹೂಡುವವನ ಕುತ್ತಿಗೆಯ ನರ ಗ್ಯಾಲರಿಯ ಕೋಣೆಗಿಂತ ಅಲ್ಲೇ ಚೆನ್ನಾಗಿ ಕಾಣುತ್ತದೆ. ಅಲ್ಲಿ ಸಿಗದೆ ಹೋಗುವುದು ಗಾತ್ರ. ಆಳೆತ್ತರಕ್ಕೆ ಹತ್ತಿರದ ಮೈಗಳ ಎದುರು ನಿಲ್ಲುವುದಕ್ಕೂ ಲ್ಯಾಪ್‌ಟಾಪಿನಲ್ಲಿ ನೋಡುವುದಕ್ಕೂ ಅಜಗಜಾಂತರ. ಉಚಿತವಾಗಿ ಇಳಿಸಿಕೊಳ್ಳುವ ಪ್ರತಿ ಚಿಕ್ಕದು, ಸ್ವಂತಕ್ಕೋ ಪಾಠಕ್ಕೋ ಆದೀತು, ವ್ಯಾಪಾರಕ್ಕೆ ಬಳಸುವಂತಿಲ್ಲ.

ಗೋಡೆಗೆ ಪ್ರಿಂಟ್ ಬೇಕೆನ್ನುವವರು ಅಳತೆ ನೋಡಿಕೊಳ್ಳಿ. ಚಿತ್ರದ ಎತ್ತರ ಅಗಲದ 1.44 ಪಟ್ಟು. ನಮ್ಮಲ್ಲಿ ಸಿದ್ಧ ಸಿಗುವ 12ಕ್ಕೆ 18 ಇಂಚಿನ ಫ್ರೇಮಿನಲ್ಲಿ 12 ಇಂಚು ಅಗಲಕ್ಕೆ ಎತ್ತರ 17.3 ಇಂಚು ಬರುತ್ತದೆ, ಮುಕ್ಕಾಲು ಇಂಚಿಗೂ ಕಡಿಮೆ ಖಾಲಿ ಉಳಿಯುತ್ತದೆ. 16ಕ್ಕೆ 20ರ ಫ್ರೇಮು ಮಾತ್ರ ಬೇಡ. ಅದನ್ನು ತುಂಬಿಸಲು ಹೊರಟರೆ ಎತ್ತರದಲ್ಲಿ ಮೂರು ಇಂಚು ಕತ್ತರಿಸಬೇಕು; ಮೇಲೆ ಕತ್ತರಿಸಿದರೆ ಸಂತನ ತಲೆಗೆ ಬರುತ್ತದೆ, ಕೆಳಗೆ ಕತ್ತರಿಸಿದರೆ ಬಿಲ್ಲುಗಾರರ ಪಾದ ಹೋಗಿ ಆ ಊರಿದ ಭಾರವೇ ಮಾಯ. ಎ2 ಹಾಳೆಯಲ್ಲಿ ಪೂರ್ತಿ ಎತ್ತರ ತೆಗೆದುಕೊಂಡರೆ ಅಗಲದಲ್ಲಿ 7 ಮಿಲಿಮೀಟರ್ ಬಿಳಿ ಉಳಿಯುತ್ತದೆ, ಅದು ಪರವಾಗಿಲ್ಲ. 12 ಇಂಚು ಅಗಲದ ಪ್ರಿಂಟಿಗೆ ಕನಿಷ್ಠ 3600 ಪಿಕ್ಸೆಲ್ ಅಗಲದ ಕಡತ ಬೇಕು. ಅಂಗಡಿಯವರು ‘ಸ್ವಲ್ಪ ಬ್ರೈಟ್ ಮಾಡ್ಲಾ ಸಾರ್’ ಅಂದರೆ ಬೇಡವೆನ್ನಿ. ಹಾಗೆ ಮಾಡಿದಾಗ ಮೊದಲು ಹೋಗುವುದು ಬೆಟ್ಟದ ಮಬ್ಬು, ಆಮೇಲೆ ಬಿಲ್ಲುಗಾರನ ಕೆಂಪು ಮುಖ ಉಳಿದವರ ಮುಖದ ಬಣ್ಣಕ್ಕೇ ಬಂದು ನಿಲ್ಲುತ್ತದೆ. ಹೊಳಪಿನ ಹಾಳೆಗಿಂತ ಮ್ಯಾಟ್ ಹಾಳೆ ವಾಸಿ.

ಬೇರೆ ಊರಿನ ಸೆಬಾಸ್ಟಿಯನ್ನರ ಜತೆ ಇಟ್ಟು ನೋಡಿದರೆ ಇದರ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಬೊಟ್ಟಿಚೆಲ್ಲಿ ಇದೇ ಫ್ಲಾರೆನ್ಸಿನಲ್ಲಿ ಒಂದು ವರ್ಷ ಮೊದಲು, 1474ರಲ್ಲಿ, ಬರೆದ ಸೆಬಾಸ್ಟಿಯನ್ ಈಗ ಬರ್ಲಿನ್‌ನಲ್ಲಿದೆ. ಅಲ್ಲಿ ಸಂತನೊಬ್ಬನೇ ಚಿತ್ರವನ್ನೆಲ್ಲ ತುಂಬಿದ್ದಾನೆ, ಬಿಲ್ಲುಗಾರರು ಕೆಲಸ ಮುಗಿಸಿ ದೂರದಲ್ಲಿ ಚುಕ್ಕೆಗಳಾಗಿದ್ದಾರೆ. ಪ್ರಾರ್ಥನೆಗೆ ಆಯ್ಕೆ ಮಾಡುವುದಾದರೆ ಅದೇ ಸರಿ. ವಿಯೆನ್ನಾದ ಮಾಂತೆನ್ಯಾ ಚಿತ್ರ ಬರೀ 68 ಸೆಂಟಿಮೀಟರ್ ಎತ್ತರ, ಆದರೆ ನೋವು ಅಲ್ಲಿ ಕಲ್ಲಿನಲ್ಲಿ ಕೊರೆದಂತೆ ಬಿಗಿಯಾಗಿದೆ. ಡ್ರೆಸ್ಡೆನ್‌ನಲ್ಲಿರುವ ಆಂತೊನೆಲ್ಲೊ ದ ಮೆಸ್ಸಿನಾನ ಸಂತ ವೆನಿಸ್ಸಿನ ಹಗಲಿನಲ್ಲಿ ನಿರಾತಂಕವಾಗಿ ನಿಂತಿದ್ದಾನೆ. ಸಂತನನ್ನು ಬರೆಯುವುದರಲ್ಲಿ ಆಂತೊನೆಲ್ಲೊನಿಗೇ ಮೊದಲ ಸ್ಥಾನ. ಬಿಲ್ಲುಗಾರರನ್ನು ನೋಡಬೇಕಾದರೆ ಮಾತ್ರ ಲಂಡನ್ನೇ.

ಸಮಯ ಉಳಿದಿದ್ದರೆ ಅದೇ ಗ್ಯಾಲರಿಯಲ್ಲಿ ಪಿಯೆರೊನ ‘ಅಪೊಲೊ ಮತ್ತು ಡಾಫ್ನೆ’ ಹುಡುಕಿ. ಅಂಗೈ ಎರಡು ಜೋಡಿಸಿದಷ್ಟು, 30 ಸೆಂಟಿಮೀಟರಿಗೂ ಕಡಿಮೆ ಎತ್ತರ. ಹಿಂದಿನ ಕಣಿವೆ ಮಾತ್ರ ದೊಡ್ಡ ಚಿತ್ರದ್ದೇ ಜಾತಿ. ಆಂತೋನಿಯೊ ತಾಮ್ರದ ತಗಡಿನಲ್ಲಿ ಕೊರೆದ ‘ಬೆತ್ತಲೆ ಗಂಡಸರ ಕಾಳಗ’ದ ಒಂದು ಪ್ರತಿ ಹತ್ತಿರದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಕಾಲು ಗಂಟೆಯ ನಡಿಗೆ. ಅದನ್ನು ಗೋಡೆಗೆ ಹಾಕಿರುವುದಿಲ್ಲ. ಮುದ್ರಣ ಮತ್ತು ರೇಖಾಚಿತ್ರ ವಿಭಾಗದ ಅಧ್ಯಯನ ಕೊಠಡಿಗೆ ಮುಂಚಿತವಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಯಾವ ಚಿತ್ರ ಬೇಕೆಂದು ಮೊದಲೇ ತಿಳಿಸಿ ಹೋದರೆ ಮೇಜಿನ ಮೇಲೆ ತಂದಿಡುತ್ತಾರೆ.